ನೆರೆಮನೆಯ ವಕೀಲೆಗೆ ಸರ್ಕಾರಿ ನೌಕರಿ

ಪಕ್ಕದ ಮನೆಯವರ ಬಗ್ಗೆ ಸ್ವಲ್ಪ ವಿಚಾರಿಸಬೇಕು, ಅರ್ಧ ಗಂಟೆ ಬಿಡುವು ಮಾಡಿಕೊಳ್ತೀರಾ ಅಂತ ಒಬ್ಬರು ಫೋನ್ ಮಾಡಿದರು. ಯಾರೋ ಟೋಪಿ ಹಾಕುವವರು ಅಂದುಕೊಂಡು ಇಟ್ಟುಬಿಟ್ಟೆ. ಸಂಜೆ ಬೇಲಿ ಹತ್ತಿರ ಪಕ್ಕದ ಮನೆಯಾಕೆ ಸಿಕ್ಕಾಗ ಹೇಳಿದರೆ ಅವರು ಹಣೆ ಹಣೆ ಚಚ್ಚಿಕೊಂಡರು. ಅದು ನಿಜವಾದ ಫೋನೇ ಅಂತೆ. ಅವರು ಅಮೆರಿಕದ ನ್ಯಾಯ ಇಲಾಖೆಯ ಕೆಲಸಕ್ಕೆ ಅರ್ಜಿ ಹಾಕಿದ್ದರು. ಹಿನ್ನೆಲೆ ತಪಾಸಣೆಯ ಫಾರಂನಲ್ಲಿ ತಮ್ಮನ್ನು ಬಲ್ಲವರು ಅಂತ ನನ್ನ ಹೆಸರು ಕೊಟ್ಟಿದ್ದರು. ನನಗೆ ಹೇಳುವುದನ್ನು ಮಾತ್ರ ಮರೆತಿದ್ದರು.

ಇದು 2024ರ ಮಾತು. ನಾವಿರುವುದು ನ್ಯೂಜೆರ್ಸಿಯಲ್ಲಿ. ಆಕೆ ಬಹಳ ವರ್ಷ ಬ್ಯಾಂಕುಗಳ ಪರವಾಗಿ ದಿವಾಳಿ ಕೇಸು ನಡೆಸಿದ ವಕೀಲೆ. ಈಗ ಕೇಳಿದ್ದ ಹುದ್ದೆ ಪಕ್ಕದ ರಾಜ್ಯದ ಕಚೇರಿಯಲ್ಲಿ, ಅಸಿಸ್ಟೆಂಟ್ ಯು.ಎಸ್. ಟ್ರಸ್ಟೀ ಅಂತ. ನಾನು ಅಕೌಂಟೆಂಟ್ ಆಫೀಸಿನಲ್ಲಿ ಕೆಲಸ ಮಾಡುವವಳು. ಕೋವಿಡ್ ಆದಮೇಲೆ ನಮ್ಮ ಗಿರಾಕಿಗಳಲ್ಲೂ ಕೆಲವರು ದಿವಾಳಿ ಅರ್ಜಿ ಹಾಕಿದ್ದರು. ಅವರ ಟ್ಯಾಕ್ಸ್ ಕಾಗದ ಹೊಂದಿಸಿ ಕೊಡುವಾಗ ಟ್ರಸ್ಟೀ ಅನ್ನುವ ಹೆಸರು ಕಿವಿಗೆ ಬಿದ್ದಿತ್ತು, ದಿವಾಳಿ ಅರ್ಜಿ ಹಾಕಿದವರ ಆಸ್ತಿ, ಸಾಲದ ಲೆಕ್ಕ ನೋಡಿಕೊಳ್ಳುವವರು. ಆ ಟ್ರಸ್ಟೀಗಳ ಮೇಲೂ ಕಣ್ಣಿಡುವ ಸರ್ಕಾರಿ ವಕೀಲರಿದ್ದಾರೆ ಅಂತ ಸರಿಯಾಗಿ ತಿಳಿದದ್ದು ಆಗಲೇ.

ಬೇಲಿಗೆ ಒರಗಿಕೊಂಡು ಆಕೆಯೇ ವಿವರಿಸಿದರು. ಹಿಂದೆ ಕೋರ್ಟಿನವರೇ ಟ್ರಸ್ಟೀಗಳನ್ನು ನೇಮಿಸಿ, ಅವರೇ ಆ ಟ್ರಸ್ಟೀಗಳ ವಾದವನ್ನೂ ಕೇಳುತ್ತಿದ್ದರಂತೆ. ತಮಗೆ ಬೇಕಾದವರಿಗೇ ಕೆಲಸ ಕೊಡ್ತಾರೆ ಅನ್ನುವ ಗುಮಾನಿ ಬರದೇ ಇರುತ್ತಾ? 1978ರ ಕಾಯ್ದೆ ಈ ಉಸ್ತುವಾರಿಯನ್ನು ಕೋರ್ಟಿನಿಂದ ಬೇರೆ ಮಾಡಿ 18 ಫೆಡರಲ್ ಕೋರ್ಟ್ ಜಿಲ್ಲೆಗಳಲ್ಲಿ ಪ್ರಯೋಗ ಮಾಡಿತು. 1986ರಲ್ಲಿ ಅದು ಇಡೀ ದೇಶಕ್ಕೆ ಬಂತು. ಅಲಬಾಮಾ, ನಾರ್ತ್ ಕೆರೊಲಿನಾ ರಾಜ್ಯಗಳು ಮಾತ್ರ ಒಪ್ಪಲಿಲ್ಲ, ಇವತ್ತಿಗೂ ಹೊರಗೇ ಇವೆ. ಉಳಿದ ದೇಶದಲ್ಲಿ 21 ವಲಯಗಳು. ವಲಯದ ಮೇಲ್ವಿಚಾರಕರಾದ ಯು.ಎಸ್. ಟ್ರಸ್ಟೀಯನ್ನು ನ್ಯಾಯ ಇಲಾಖೆಯ ಮುಖ್ಯಸ್ಥರಾದ ಅಟಾರ್ನಿ ಜನರಲ್ ನೇಮಿಸುತ್ತಾರೆ. ಆ ಯು.ಎಸ್. ಟ್ರಸ್ಟೀಯ ಕೈಕೆಳಗೆ ಒಂದೊಂದು ಊರಿನ ಕಚೇರಿ ನಡೆಸುವವರು ಈ ಅಸಿಸ್ಟೆಂಟ್. ಹೆಸರು ಕೇಳಿ ಸಣ್ಣ ಕೆಲಸ ಅಂದುಕೊಳ್ಳಬಾರದು. ಸಾಲ ತೀರಿಸುವ ಶಕ್ತಿ ಇದ್ದೂ ಅರ್ಜಿ ಹಾಕಿದವರನ್ನು ತಡೆಯುವುದು, ದೊಡ್ಡ ಕಂಪನಿಗಳ ಕೇಸಿನಲ್ಲಿ ವಕೀಲರ ಫೀಸು ಅತಿಯಾದರೆ ತಕರಾರು ಎತ್ತುವುದು, ಟ್ರಸ್ಟೀಗಳ ಲೆಕ್ಕ ನೋಡುವುದು, ವಂಚನೆ ಕಂಡರೆ ಕ್ರಿಮಿನಲ್ ವಕೀಲರಿಗೆ ದಾಟಿಸುವುದು, ಎಲ್ಲಾ ಅವರ ಪಾಲಿಗೆ.

ತಪಾಸಣೆಯವರು ನಮ್ಮ ಮನೆಗೇ ಬಂದರು. ಗುರುತಿನ ಚೀಟಿ ತೋರಿಸಿದರು, ಕಾಫಿ ಬೇಡ ಅಂದರು, ನೋಟ್‌ಪುಸ್ತಕ ತೆಗೆದರು. ಎಷ್ಟು ದಿನದಿಂದ ಗೊತ್ತು? ಕುಡೀತಾರಾ? ಮನೆಗೆ ಯಾರು ಯಾರು ಬರ್ತಾರೆ? ಯಾರಾದರೂ ಹೆದರಿಸಿ ಕೆಲಸ ಮಾಡಿಸಿಕೊಳ್ಳುವಂಥ ಗುಟ್ಟು ಏನಾದರೂ ಇದೆಯಾ? ನನಗೆ ಒಳಗೊಳಗೇ ನಗು. ಹುಡುಗನ ಕಡೆಯವರ ಬಗ್ಗೆ ವಠಾರದಲ್ಲಿ ವಿಚಾರಿಸೋಕೆ ಬರುವ ಹೆಣ್ಣಿನ ಸೋದರಮಾವ ಕೇಳುವುದೂ ಇದನ್ನೇ ಅಲ್ವಾ?

ಆಮೇಲೆ ಬಂತು ದುಡ್ಡಿನ ಪ್ರಶ್ನೆ. ಸಂಪಾದನೆಗೆ ಮೀರಿ ಬದುಕ್ತಾರಾ? ಸಾಲದ ತೊಂದರೆ ಏನಾದರೂ ಗೊತ್ತಾ?

ಗೊತ್ತಿತ್ತು. ಆಕೆಯ ಗಂಡನಿಗೆ ಕಾಯಿಲೆಯಾದಾಗ, ಇನ್ಶೂರೆನ್ಸ್ ಇದ್ದೂ ಆಸ್ಪತ್ರೆ ಬಿಲ್ಲು ಬೆಟ್ಟದಷ್ಟಾಗಿತ್ತು. ಎರಡನೇ ಕಾರು ಮಾರಿದ್ದರು. ಸಾಲ ವಸೂಲಿಯವರ ಫೋನುಗಳು ಬರುತ್ತಿದ್ದವು. ಇದೆಲ್ಲಾ ಅವರೇ ನನ್ನ ಹತ್ತಿರ ಹೇಳಿಕೊಂಡಿದ್ದು. ವಠಾರದ ನ್ಯಾಯದಲ್ಲಾದರೆ ಇಂಥ ಕಡೆ ಒಂದು ಸುಳ್ಳು ಹೇಳಿದರೆ ಪುಣ್ಯವೇ. ‘ಅಯ್ಯೋ, ಚಿನ್ನದಂಥ ಮನೆತನ’ ಅಂತ ಸಾಗಹಾಕಿಬಿಡುತ್ತೇವೆ. ಎದುರಿಗೆ ಕೂತವರು ಪೆನ್ನು ಎತ್ತಿ ಕಾಯುತ್ತಿದ್ದರು. ಸರ್ಕಾರದವರಿಗೆ ಸುಳ್ಳು ಹೇಳೋಕೆ ಧೈರ್ಯ ಬರಲಿಲ್ಲ. ಇದ್ದದ್ದು ಇದ್ದಹಾಗೆ ಹೇಳಿದೆ. ಕಂತು ಕಂತಾಗಿ ತೀರಿಸಿದರು ಅನ್ನುವುದನ್ನೂ ಒತ್ತಿ ಹೇಳಿದೆ. ಅವರು ಮುಖದಲ್ಲಿ ಏನನ್ನೂ ತೋರಿಸದೆ ಬರೆದುಕೊಂಡು ಹೋದರು.

ಇವಳಿಂದಲೇ ಕೆಲಸ ತಪ್ಪಿತು ಅಂತಾಗಬಾರದಲ್ಲ. ಮಾರನೇ ದಿನವೇ ಹೋಗಿ ಆಕೆಗೆ ತಿಳಿಸಿದೆ. ಆಕೆ ನಕ್ಕರು. ಅದನ್ನೆಲ್ಲಾ ಫಾರಂನಲ್ಲಿ ತಾವೇ ಬರೆದಿದ್ದರಂತೆ. ಎಸ್‌ಎಫ್ 86 ಅನ್ನುವ ಆ ಫಾರಂ ಹಿಂದಿನ 7 ವರ್ಷದ ಬಾಕಿಗಳನ್ನೆಲ್ಲಾ ಕೇಳುತ್ತದೆ. ದಿವಾಳಿ ಅರ್ಜಿ ಹಾಕಿದ್ದೀರಾ ಅಂತಲೂ ಕೇಳುತ್ತದೆ. ದಿವಾಳಿ ಕೇಸು ನೋಡಿಕೊಳ್ಳುವವರಿಗೇ ಈ ಪ್ರಶ್ನೆ! ‘ಸರಿ, ಹಾಕಿದ್ದರೆ?’ ಅಂದೆ. ಅದೊಂದೇ ಕಾರಣಕ್ಕೆ ಸರ್ಕಾರ ಕೆಲಸ ನಿರಾಕರಿಸುವ ಹಾಗಿಲ್ಲ, ದಿವಾಳಿ ಕಾನೂನಿನ 525ನೇ ಸೆಕ್ಷನ್ ಅದನ್ನು ತಡೆಯುತ್ತದೆ ಅಂದರು. ಖಾಸಗಿ ಕಂಪನಿಗಳ ವಿಷಯದಲ್ಲಿ ಅಷ್ಟು ರಕ್ಷಣೆ ಇಲ್ಲ. ಇರುವ ನೌಕರನನ್ನು ತೆಗೆಯಬಾರದು ಅಂತಿದೆ, ಆದರೆ ಹೊಸಬರನ್ನು ಸೇರಿಸಿಕೊಳ್ಳದೇ ಇರಬಹುದು ಅಂತ ನಮ್ಮ ಕಡೆಯ ಫೆಡರಲ್ ಅಪೀಲು ಕೋರ್ಟೇ ಹೇಳಿದೆ. ‘ಸಾಲ ಇದ್ದರೆ ಕ್ಷಮೆ ಇದೆ, ಬಚ್ಚಿಟ್ಟರೆ ಇಲ್ಲ’ ಅಂದರು ಆಕೆ. ಅರ್ಜಿ ಹಾಕುವ ಸಾಲಗಾರನಿಗೂ ಇದೇ ಲೆಕ್ಕ. ಆಸ್ತಿ ಬಚ್ಚಿಟ್ಟು ಸಿಕ್ಕಿಬಿದ್ದರೆ ಸಾಲ ಮನ್ನಾ ಆಗುವುದಿಲ್ಲ, 5 ವರ್ಷದವರೆಗೆ ಜೈಲೂ ಆಗಬಹುದು.

ಕಾಯುವುದು ಉದ್ದವಾಯಿತು. ಅಷ್ಟರಲ್ಲಿ ಜೂನ್ 27ರಂದು ಪರ್ಡ್ಯೂ ಫಾರ್ಮಾ ಕೇಸಿನ ಸುಪ್ರೀಂ ಕೋರ್ಟ್ ತೀರ್ಪು ಬಂತು. ಆಕ್ಸಿಕಾಂಟಿನ್ ಅನ್ನುವ, ಚಟ ಹಿಡಿಸುವ ನೋವಿನ ಮಾತ್ರೆ ಮಾರಿ, ಅದರಿಂದ ಹಾಳಾದವರ ದಾವೆಗಳು ಮುತ್ತಿಕೊಂಡು ದಿವಾಳಿ ಅರ್ಜಿ ಹಾಕಿದ ಕಂಪನಿ ಅದು. ಅದರ ಒಡೆಯರಾದ ಸ್ಯಾಕ್ಲರ್ ಕುಟುಂಬ ತಾನು ದಿವಾಳಿ ಆಗದೆಯೇ, 600 ಕೋಟಿ ಡಾಲರ್‌ವರೆಗೆ ಕೊಟ್ಟು ಎಲ್ಲಾ ದಾವೆಗಳಿಂದ ಪಾರಾಗುವ ಒಪ್ಪಂದ ಆಗಿತ್ತು. ಮತ ಹಾಕಿದ ಸಂತ್ರಸ್ತರಲ್ಲಿ ಬಹುಪಾಲು ಜನ ಒಪ್ಪಿದ್ದರು. ಒಪ್ಪದೆ ಸುಪ್ರೀಂ ಕೋರ್ಟಿನವರೆಗೆ ಹೋದವರು ವಿಲಿಯಂ ಹ್ಯಾರಿಂಗ್ಟನ್, ನ್ಯೂಯಾರ್ಕ್ ಸೇರಿರುವ ವಲಯದ ಯು.ಎಸ್. ಟ್ರಸ್ಟೀ. 5-4ರಲ್ಲಿ ಅವರ ಪರ ತೀರ್ಪಾಯಿತು. ನನಗೆ ಅಷ್ಟೇನೂ ಖುಷಿಯಾಗಲಿಲ್ಲ. ಮಕ್ಕಳನ್ನು ಕಳೆದುಕೊಂಡವರಿಗೆ ಬರುವ ದುಡ್ಡು ಇನ್ನೂ ತಡ ಆಯ್ತಲ್ಲ ಅಂದೆ. ಆಕೆ ಒಪ್ಪಲಿಲ್ಲ. ಎಲ್ಲರೂ ಸರಿ ಅಂದಾಗ ಬೇಡ ಅನ್ನುವುದಕ್ಕೇ ಈ ಕಚೇರಿ ಇರೋದು ಅಂತ ವಾದಿಸಿದರು. ಆ ವಾದ ನಮ್ಮಿಬ್ಬರ ನಡುವೆ ಇನ್ನೂ ಮುಗಿದಿಲ್ಲ.

ಕೊನೆಗೆ ಕೆಲಸ ಸಿಕ್ಕಿತು. ಕೇಸುಗಳ ಬಗ್ಗೆ ಈಗ ಅವರು ಬಾಯಿ ಬಿಡುವುದಿಲ್ಲ, ನಾನೂ ಕೇಳುವುದಿಲ್ಲ.

ಆದರೆ ಅವರ ಮಾತು ನನ್ನ ಕೆಲಸಕ್ಕೆ ಬರುತ್ತಿದೆ. ಮೊನ್ನೆ ನಮ್ಮ ಆಫೀಸಿಗೆ ಹಾಸನದ ಕಡೆಯ ಹುಡುಗನೊಬ್ಬ ಬಂದಿದ್ದ. ಹೋಟೆಲ್ ಮಾಡಿ ಕೈ ಸುಟ್ಟುಕೊಂಡವನು, ಚಾಪ್ಟರ್ 7 ಅನ್ನುವ, ಇರುವ ಆಸ್ತಿ ಮಾರಿ ಉಳಿದ ಸಾಲ ಮನ್ನಾ ಮಾಡಿಸಿಕೊಳ್ಳುವ ದಿವಾಳಿ ಅರ್ಜಿಗೆ ಕಾಗದ ಹೊಂದಿಸುತ್ತಿದ್ದ. ಆಸ್ತಿ ಪಟ್ಟಿಯಲ್ಲಿ ಊರಿನ ಜಮೀನು ಇರಲಿಲ್ಲ.

‘ಅದ್ಯಾಕಕ್ಕಾ ಬರೀಬೇಕು? ಅಪ್ಪ ಹೋದಮೇಲೆ ಇನ್ನೂ ಭಾಗವೇ ಆಗಿಲ್ಲ. ಅಲ್ಲಿರೋದು ಇವರಿಗೆ ಹೇಗೆ ಗೊತ್ತಾಗುತ್ತೆ?’

ಆಸ್ತಿ ಎಲ್ಲೇ ಇರಲಿ, ಯಾರ ಕೈಯಲ್ಲೇ ಇರಲಿ, ನಿನ್ನ ಪಾಲು ಅಂತ ಇದ್ದರೆ ಬರೆಯಲೇಬೇಕು ಅಂದೆ. ಹೆಂಡತಿಯ ಕಡೆಯಿಂದ ಬಂದು ಲಾಕರಿನಲ್ಲಿರುವ ಚಿನ್ನದ ಬಗ್ಗೆಯೂ ವಕೀಲರನ್ನು ಕೇಳು ಅಂದೆ. ಝೂಮ್‌ನಲ್ಲಿ ನಡೆಯುವ, ಸಾಲ ಕೊಟ್ಟವರ ಸಭೆಯಲ್ಲಿ ಪ್ರಮಾಣ ಮಾಡಿಸಿ, ಎಲ್ಲಾ ಆಸ್ತಿ ತೋರಿಸಿದ್ದೀಯಾ ಅಂತ ಟ್ರಸ್ಟೀ ಕೇಳಿಯೇ ಕೇಳುತ್ತಾರೆ. ಅವನ ವಕೀಲರೂ ಅದನ್ನೇ ಹೇಳಿದರು.

ಪಹಣಿ ತರಿಸೋಕೆ ನಮ್ಮ ಆಫೀಸಿನಿಂದಲೇ ಅಣ್ಣನಿಗೆ ಫೋನ್ ಮಾಡಿದ. ಅಲ್ಲಿ ರಾತ್ರಿ. ಸ್ಪೀಕರಿನಲ್ಲಿ ಅಣ್ಣನ ದನಿ ಕೇಳಿಸಿತು: ‘ಏನೋ, ಇಷ್ಟು ಹೊತ್ತಲ್ಲಿ ಪಹಣಿ ಯಾಕೆ? ಭಾಗ ಕೇಳ್ತಿದ್ದೀಯೇನೋ?’