ನಿಧಾನಕ್ಕೂ ಅಸ್ತವ್ಯಸ್ತಕ್ಕೂ ಮದ್ದು ಬೇರೆ

ನಮ್ಮ ಅತ್ತಿಗೆಯವರು ಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಪಾಠದ ಟಿಪ್ಪಣಿಗಳಿಂದ ಹಿಡಿದು ಮನೆಯ ಸಮಾರಂಭಗಳ ವಿಡಿಯೊಗಳವರೆಗೆ ಎಲ್ಲವೂ ಅವರ ಒಂದೇ ಲ್ಯಾಪ್‌ಟಾಪ್‌ನಲ್ಲಿವೆ. ಅದು ಇತ್ತೀಚೆಗೆ ಎಷ್ಟು ನಿಧಾನವಾಗಿತ್ತೆಂದರೆ, ಬೆಳಿಗ್ಗೆ ಆನ್ ಮಾಡಿ ಬೇರೆ ಕೆಲಸ ಮುಗಿಸಿಕೊಂಡು ಬಂದರೂ ಒಂದು ಫೈಲ್ ತೆರೆಯಲು ಮತ್ತೆ ಕಾಯಬೇಕಾಗುತ್ತಿತ್ತು. "ಹೊಸದೇ ಕೊಳ್ಳಬೇಕೋ, ಫಾರ್ಮ್ಯಾಟ್ ಮಾಡಿಸಿದರೆ ಸಾಕೋ, ನೀನೇ ಒಮ್ಮೆ ನೋಡಿ ಹೇಳಪ್ಪ" ಎಂದು ಅವರು ಕೇಳಿದ್ದರಿಂದ ಒಂದು ಭಾನುವಾರವನ್ನು ಅದಕ್ಕೇ ಮೀಸಲಿಟ್ಟು ಇಬ್ಬರೂ ಜೊತೆಯಾಗಿ ಕುಳಿತೆವು.

ಫೈಲ್‌ಗಳನ್ನು ಅಳಿಸಿ ಜಾಗ ಖಾಲಿ ಮಾಡಿದರೆ ವೇಗ ತಾನಾಗಿ ಬರುತ್ತದೆ ಎಂಬುದು ಹೆಚ್ಚಿನವರ ನಂಬಿಕೆ. ಡಿಸ್ಕ್ ಪೂರ್ತಿ ತುಂಬಿಹೋಗಿದ್ದರೆ ಅದರಲ್ಲಿ ಸ್ವಲ್ಪ ನಿಜವಿದೆ. ಆದರೆ ಯಂತ್ರದ ನಿಧಾನ ಬೇರೆ, ಫೈಲ್‌ಗಳ ಅಸ್ತವ್ಯಸ್ತ ಬೇರೆ, ಎರಡಕ್ಕೂ ಬೇರೆ ಬೇರೆ ಚಿಕಿತ್ಸೆ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾರೋ ಹೇಳಿದ್ದನ್ನು ಕೇಳಿ ಅತ್ತಿಗೆಯವರು ರಿಜಿಸ್ಟ್ರಿಯನ್ನು, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಕಣಜವನ್ನು, ಸ್ವಚ್ಛಗೊಳಿಸುತ್ತೇನೆನ್ನುವ ತಂತ್ರಾಂಶವೊಂದನ್ನು ಹಾಕಿಕೊಂಡಿದ್ದರು. ಇಂಥ ತಂತ್ರಾಂಶಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಹೇಳಿರುವುದರಿಂದ ಮೊದಲು ಅದನ್ನು ತೆಗೆದುಹಾಕಿದೆವು.

ಆಮೇಲೆ ಯಂತ್ರವನ್ನು ರೀಸ್ಟಾರ್ಟ್ ಮಾಡಿ, ಪರದೆ ಕಾಣಿಸಿಕೊಂಡ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಯಂತ್ರದ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದೆವು. ಪ್ರೊಸೆಸರ್‌ನ ಬಳಕೆ ಹತ್ತು ಶೇಕಡಾವನ್ನೂ ಮುಟ್ಟಿರಲಿಲ್ಲ, 8 ಜಿಬಿ ಮೆಮೊರಿಯಲ್ಲಿ ಇನ್ನೂ ಜಾಗವಿತ್ತು, ಆದರೆ ಡಿಸ್ಕ್ ಎಂಬ ಅಂಕಣ ಮಾತ್ರ ಕೆಂಪಾಗಿ 100 ಶೇಕಡಾದಲ್ಲಿ ನಿಂತು ಕದಲಲೇ ಇಲ್ಲ. ಲ್ಯಾಪ್‌ಟಾಪ್‌ನಲ್ಲಿದ್ದದ್ದು ನಿಮಿಷಕ್ಕೆ 5,400 ಸುತ್ತು ತಿರುಗುವ ಹಾರ್ಡ್ ಡಿಸ್ಕ್. ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್ ಬೇಕು. ಬೇಕಾದ ಮಾಹಿತಿ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ತಲೆ ಸರಿಯಾದ ಪಥಕ್ಕೆ ಸರಿದು ನಿಲ್ಲಬೇಕು. ಹೀಗಾಗಿ ಚದುರಿದ ಸಣ್ಣ ಸಣ್ಣ ತುಣುಕುಗಳನ್ನು ಸೆಕೆಂಡಿಗೆ ನೂರರಷ್ಟು ಓದುವುದೂ ಇಂಥ ಡಿಸ್ಕ್‌ಗೆ ಕಷ್ಟ. ಆನ್ ಮಾಡಿದಾಗ ಹತ್ತಾರು ತಂತ್ರಾಂಶಗಳು ಒಮ್ಮೆಲೇ ಅದರ ಮುಂದೆ ಸಾಲುಗಟ್ಟಿದರೆ, ಪ್ರೊಸೆಸರ್ ಎಷ್ಟೇ ಚುರುಕಾಗಿದ್ದರೂ ಕೈಕಟ್ಟಿ ಕಾಯಲೇಬೇಕಾಗುತ್ತದೆ. "ಹಾಗಾದರೆ ಹಾಳಾಗಿರುವುದು ಲ್ಯಾಪ್‌ಟಾಪ್ ಅಲ್ಲವೇ ಅಲ್ಲ" ಎಂದು ಅತ್ತಿಗೆಯವರು ಅಂದಾಗ ಅವರ ಮುಖದಲ್ಲಿದ್ದ ಅರ್ಧ ಚಿಂತೆ ಇಳಿದಿತ್ತು.

ಆನ್ ಮಾಡಿದೊಡನೆ ತಾವಾಗಿ ಶುರುವಾಗುವ ತಂತ್ರಾಂಶಗಳ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಮನೆಯಲ್ಲಿ ಈಗ ಇಲ್ಲದ ಪ್ರಿಂಟರಿನ ಸಹಾಯಕ ತಂತ್ರಾಂಶವಿತ್ತು, ಮಗ ಯಾವತ್ತೋ ಹಾಕಿದ್ದ ಆಟಗಳ ಲಾಂಚರ್ ಇತ್ತು, ಅಪ್‌ಡೇಟ್ ಬಂದಿದೆಯೇ ಎಂದು ಇಣುಕಿ ನೋಡುವುದಷ್ಟೇ ಕೆಲಸವಾಗಿದ್ದ ಹಲವು ಬಾಲಂಗೋಚಿಗಳಿದ್ದವು. ಅತ್ತಿಗೆಯವರನ್ನು ಒಂದೊಂದಕ್ಕೂ ಕೇಳಿ, ಬೇಡವೆಂದದ್ದನ್ನು ನಿಷ್ಕ್ರಿಯಗೊಳಿಸಿದೆ. ಅವಧಿ ಮುಗಿದರೂ ಕುಳಿತೇ ಇದ್ದ ಆ್ಯಂಟಿವೈರಸ್ ಒಂದನ್ನು ತೆಗೆದಾಗ ವಿಂಡೋಸ್‌ನದೇ ಆದ ಡಿಫೆಂಡರ್ ಕಾವಲಿನ ಕೆಲಸ ವಹಿಸಿಕೊಂಡಿತು. ದಿನವೂ ರಾತ್ರಿ ತಪ್ಪದೆ ಶಟ್‌ಡೌನ್ ಮಾಡುತ್ತೇನೆ ಎಂದು ಅತ್ತಿಗೆಯವರು ಹೇಳಿದ್ದರಿಂದ, ಅದು ರೀಸ್ಟಾರ್ಟ್‌ಗೆ ಸಮವಲ್ಲ ಎಂಬುದನ್ನೂ ವಿವರಿಸಿದೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ, ಫಾಸ್ಟ್ ಸ್ಟಾರ್ಟ್‌ಅಪ್ ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ವ್ಯವಸ್ಥೆಯ ತಿರುಳು ಡಿಸ್ಕ್‌ನಲ್ಲಿ ಉಳಿದು ಮರುದಿನ ಅದೇ ಸ್ಥಿತಿಯಲ್ಲಿ ಎದ್ದುಬರುತ್ತದೆ. ಎಲ್ಲವೂ ಹೊಸದಾಗಿ ಆರಂಭವಾಗುವುದು ರೀಸ್ಟಾರ್ಟ್ ಒತ್ತಿದಾಗ ಮಾತ್ರ.

ಇನ್ನು ಉಳಿದದ್ದು ಫೈಲ್‌ಗಳ ರಾಶಿ. ಯಾವ ಫೋಲ್ಡರ್ ಎಷ್ಟು ಜಾಗ ಹಿಡಿದಿದೆ ಎಂಬುದನ್ನು ಬಣ್ಣದ ಚೌಕಗಳಲ್ಲಿ ತೋರಿಸುವ ವಿನ್‌ಡರ್‌ಸ್ಟಾಟ್ ಎಂಬ ತಂತ್ರಾಂಶವನ್ನು ಓಡಿಸಿದೆವು. ಈ ಬಗೆಯ ಚಿತ್ರಕ್ಕೆ ಟ್ರೀಮ್ಯಾಪ್ ಎನ್ನುತ್ತಾರೆ. 1990ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬೆನ್ ಶ್ನೈಡರ್‌ಮನ್ ಇದನ್ನು ಕಲ್ಪಿಸಿಕೊಂಡದ್ದೂ ಇಂಥದೇ ಪರಿಸ್ಥಿತಿಯಲ್ಲಿ: ಅವರ ಪ್ರಯೋಗಾಲಯದಲ್ಲಿ 14 ಮಂದಿ ಹಂಚಿಕೊಂಡಿದ್ದ 80 ಮೆಗಾಬೈಟ್‌ನ ಹಾರ್ಡ್ ಡಿಸ್ಕ್ ತುಂಬಿಹೋಗಿ, ಜಾಗ ಎಲ್ಲಿ ಹೋಯಿತೆಂದೇ ತಿಳಿಯದಾಗಿತ್ತು. ನಮ್ಮ ಪರದೆಯ ಮೇಲೆ ಅತಿ ದೊಡ್ಡ ಚೌಕಗಳಾಗಿ ಕಂಡವು ಮೊಬೈಲಿನಿಂದ ಮತ್ತೆ ಮತ್ತೆ ನಕಲು ಮಾಡಿದ್ದ ಒಂದೇ ವಿಡಿಯೊಗಳು. ಅತ್ತಿಗೆಯವರು ಅಳಿಸಲು ಹಿಂಜರಿಯುತ್ತಿದ್ದ ಸಾವಿರಾರು ವರ್ಡ್ ಫೈಲ್‌ಗಳೆಲ್ಲ ಸೇರಿ ಮೂಲೆಯಲ್ಲಿ ಒಂದು ಚುಕ್ಕೆಯಷ್ಟೂ ಇರಲಿಲ್ಲ.

ಅಳಿಸುವ ಮೊದಲು ಎಲ್ಲವನ್ನೂ ಹೊರಗಿನ ಡಿಸ್ಕ್ ಒಂದಕ್ಕೆ ನಕಲು ಮಾಡಿ, ಅಲ್ಲಿಂದ ಕೆಲವು ಫೈಲ್‌ಗಳನ್ನು ತೆರೆದು ನೋಡಿ, ಕೇಬಲ್ ತೆಗೆದಿಟ್ಟೆವು. ಅಂಕಪಟ್ಟಿಗಳು ಕ್ಲೌಡ್‌ನಲ್ಲಿ ಹೇಗೂ ಇವೆಯಲ್ಲ ಎಂದು ಅತ್ತಿಗೆಯವರು ಕೇಳಿದರು. ಸಿಂಕ್ ಆಗುವ ಫೋಲ್ಡರ್‌ನಲ್ಲಿ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಮರಳಿ ಪಡೆಯಲು ಕೆಲವು ದಿನಗಳ ಅವಕಾಶವಿದ್ದರೂ ಅದನ್ನೇ ನೆಚ್ಚಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಎರಡು ಫೈಲ್‌ಗಳು ಒಂದೇ ಎಂದು ತೀರ್ಮಾನಿಸಲು ಹೆಸರನ್ನು ನಂಬದೆ, ವಿಂಡೋಸ್‌ಗೆ ಆದೇಶಗಳನ್ನು ಬರೆದು ಕೊಡುವ ಪವರ್‌ಶೆಲ್‌ನಲ್ಲಿ ಅವುಗಳ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಫೈಲಿನ ಒಳಗಿರುವುದನ್ನು ಆಧರಿಸಿ ಲೆಕ್ಕಹಾಕಿದ ಬೆರಳಚ್ಚಿನಂಥ ಸಂಕೇತ, ತೆಗೆದು ಹೋಲಿಸಿದೆವು. ಫೈಲಿನ ಒಂದಕ್ಷರ ಬದಲಾದರೂ ಹ್ಯಾಶ್ ಪೂರ್ತಿ ಬದಲಾಗುತ್ತದೆ. ವಿಡಿಯೊಗಳೆಲ್ಲ ಹೊಂದಿಕೊಂಡವು. ಆದರೆ ಒಂದೇ ಹೆಸರಿನ, ಒಂದೇ ಗಾತ್ರದಂತೆ ಕಾಣುತ್ತಿದ್ದ ಎರಡು ಅಂಕಪಟ್ಟಿಗಳು ಹೊಂದಲಿಲ್ಲ. ಎರಡನ್ನೂ ಅಕ್ಕಪಕ್ಕ ತೆರೆದು ಸಾಲು ಸಾಲಾಗಿ ನೋಡುತ್ತಾ ಹೋದಾಗ, ಮರುಮೌಲ್ಯಮಾಪನದ ನಂತರ ಒಬ್ಬ ವಿದ್ಯಾರ್ಥಿನಿಯ ಅಂಕ 31ರಿಂದ 37ಕ್ಕೆ ಏರಿದ್ದು ಒಂದರಲ್ಲಿ ಮಾತ್ರ ಇತ್ತು. ಹೆಸರು ನೋಡಿ ಡಿಲೀಟ್ ಒತ್ತಿದ್ದರೆ ಯಾವುದು ಉಳಿಯುತ್ತಿತ್ತೋ ಹೇಳಲಾಗದು.

ಫೈಲ್‌ಗಳ ಜೋಡಣೆಯ ವಿಚಾರದಲ್ಲಿ ನಮ್ಮಿಬ್ಬರಲ್ಲಿ ಸಣ್ಣ ಚರ್ಚೆಯೇ ಆಯಿತು. ಎಲ್ಲವನ್ನೂ ವರ್ಷವಾರು ಇಡೋಣ ಎಂದು ನಾನು ಹೇಳಿದಾಗ ಅವರು, "ನಾನು ಹುಡುಕುವುದು ತ್ರಿಕೋನಮಿತಿಯ ಪ್ರಶ್ನೆಗಳನ್ನು, ಅದು ಯಾವ ವರ್ಷದ್ದೆಂದು ನನಗೆ ಎಲ್ಲಿ ನೆನಪಿರುತ್ತದೆ?" ಎಂದರು. ಅವರ ಮಾತೇ ಸರಿ, ಯಾಕೆಂದರೆ ನಾಳೆ ಹುಡುಕುವವರು ಅವರು. ಹಾಗಾಗಿ ಪ್ರಶ್ನೆಪತ್ರಿಕೆಗಳನ್ನು ಪಾಠದ ಪ್ರಕಾರ, ಅಂಕಪಟ್ಟಿಗಳನ್ನು ವರ್ಷದ ಪ್ರಕಾರ ಇಟ್ಟೆವು. ಫೈಲಿನ ಹೆಸರಿನ ಆರಂಭದಲ್ಲಿ ದಿನಾಂಕವನ್ನು 2025-06-12 ಎಂಬಂತೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆಯುವುದನ್ನು ಮಾತ್ರ ಅವರೂ ಕೂಡಲೇ ಒಪ್ಪಿದರು. 1988ರಲ್ಲಿ ಮೊದಲು ಪ್ರಕಟವಾದ ಐಎಸ್‌ಒ 8601 ಮಾನಕದ ಕ್ರಮ ಇದು. ಹೀಗೆ ಬರೆದರೆ ಹೆಸರಿನ ಪ್ರಕಾರ ಜೋಡಿಸಿದಾಗಲೂ ಫೈಲ್‌ಗಳು ಕಾಲಾನುಕ್ರಮದಲ್ಲೇ ನಿಲ್ಲುತ್ತವೆ.

ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ವರದಿ ನೋಡಿದಾಗ, ಕೆಟ್ಟ ಭಾಗಗಳನ್ನು ಬಿಟ್ಟು ಮೀಸಲು ಭಾಗಗಳಿಗೆ ಮಾಹಿತಿ ಸ್ಥಳಾಂತರಿಸಿದ ಲೆಕ್ಕ ಸೊನ್ನೆಗಿಂತ ಮೇಲಿತ್ತು. ಅದನ್ನು ಕಂಡ ಮೇಲೆ ತಡಮಾಡುವಂತಿರಲಿಲ್ಲ. ಮುಂದಿನ ವಾರವೇ ಹಳೆಯ ಡಿಸ್ಕ್‌ನ ಜಾಗದಲ್ಲೇ ಕೂರುವ, ಚಿಪ್‌ಗಳಲ್ಲಿ ಮಾಹಿತಿ ಇಡುವ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ತರಿಸಿ, ಹಳೆಯದರಲ್ಲಿದ್ದದ್ದನ್ನೆಲ್ಲ ಅದಕ್ಕೆ ಯಥಾವತ್ತಾಗಿ ಕ್ಲೋನ್ ಮಾಡಿ, ಕೆಳಗಿನ ಮುಚ್ಚಳ ತೆಗೆದು ಬದಲಾಯಿಸಿದೆವು. ಫ್ಯಾನ್‌ಗೆ ಅಂಟಿದ್ದ ಧೂಳನ್ನೂ ಆಗಲೇ ತೆಗೆದದ್ದಾಯಿತು. ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಚದುರಿದ ತುಣುಕುಗಳನ್ನು ಸೆಕೆಂಡಿಗೆ ಸಾವಿರಗಟ್ಟಲೆ ಓದಬಲ್ಲದು. ಅದಕ್ಕೆ ಚದುರಿದ ತುಣುಕುಗಳನ್ನು ಒಟ್ಟುಗೂಡಿಸುವ ಹಳೆಯ ಕಾಲದ ಡಿಫ್ರಾಗ್ ಬೇಕಿಲ್ಲ. ಅಳಿಸಿದ ಜಾಗ ಯಾವುದೆಂದು ತಿಳಿಸುವ ಟ್ರಿಮ್ ಆದೇಶವನ್ನು ವಿಂಡೋಸ್ ತಾನೇ ಕಳುಹಿಸುತ್ತದೆ. ಈಗ ಅತ್ತಿಗೆಯವರು ಪಾಸ್‌ವರ್ಡ್ ಒತ್ತಿ ಕುರ್ಚಿ ಸರಿಮಾಡಿಕೊಳ್ಳುವಷ್ಟರಲ್ಲಿ ಅಂಕಪಟ್ಟಿ ತೆರೆದಿರುತ್ತದೆ. ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮಾತು ಅಲ್ಲಿಗೇ ನಿಂತಿದೆ. ಫೋಟೊಗಳ ವಿಂಗಡಣೆ ಮಾತ್ರ ಇನ್ನೂ ಬಾಕಿಯಿದೆ. ಅದನ್ನು ಬೇರೆಯವರು ಮಾಡಿಕೊಡಲಾಗದು ಎಂದು ಅವರೇ ರಜೆಯಲ್ಲಿ ಒಂದೊಂದು ವರ್ಷದ್ದನ್ನು ನೋಡಿ ಮುಗಿಸುತ್ತಿದ್ದಾರೆ.