ಮುಚ್ಚಳದ ಕೆಳಗಿನ ಮೂರು ಮಿಲಿಮೀಟರ್

ಗಿಟಾರ್‌ನ ಮೂರನೇ ತಂತಿ ಬಿಗಿದು ಮುಗಿಸಿದಾಗ ಭಾನುವಾರ ಮಧ್ಯಾಹ್ನ ಮೂರು ಗಂಟೆ ಆಗಿತ್ತು. ನಾಲ್ಕು ಭಾನುವಾರಗಳ ಕೆಲಸ ನನ್ನ ತೊಡೆಯ ಮೇಲೆ ಕೂತಿತ್ತು. ಉಸಿರು ಹಿಡಿದು ಹೆಬ್ಬೆರಳಿನಲ್ಲಿ ಮೂರೂ ತಂತಿಗಳನ್ನು ಒಟ್ಟಿಗೆ ಮೀಟಿದೆ.

‘ಡಬ್’ ಅಂತು.

ಅಷ್ಟೇ. ಬಟ್ಟೆ ತುಂಬಿದ ಪೆಟ್ಟಿಗೆಯನ್ನು ತಟ್ಟಿದ ಹಾಗೆ. ಮೀಟಿದ ಸದ್ದು ಬೆರಳು ತೆಗೆಯುವಷ್ಟರಲ್ಲಿ ಸತ್ತು ಹೋಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಮಗಳು ಸ್ವಲ್ಪ ಹೊತ್ತು ನೋಡಿ, "ಅಪ್ಪಾ, ಇದಕ್ಕೆ ಶೀತ ಆಗಿದ್ಯಾ?" ಅಂದಳು. ಅವಳು ತಮಾಷೆಗೆ ಕೇಳಿದ್ದಲ್ಲ. ಅವಳ ಕಿವಿಗೂ ಅದು ಮೂಗು ಕಟ್ಟಿದ ದನಿಯ ಹಾಗೇ ಕೇಳಿಸಿತ್ತು.

ನಾನು ಮಾಡುತ್ತಿದ್ದದ್ದು ಸಿಗಾರ್ ಬಾಕ್ಸ್ ಗಿಟಾರ್. ಸಿಗಾರ್ ತುಂಬಿಕೊಂಡು ಬರುವ ಮರದ ಪೆಟ್ಟಿಗೆಯೇ ಇದರ ಒಡಲು. ಒಂದೂವರೆ ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ಮರದ ಪಟ್ಟಿ ಇದರ ನೆಕ್, ಅಂದರೆ ಕತ್ತು. ಪಟ್ಟಿ ಮೂರು ಅಡಿ ಉದ್ದ ಇದ್ದರೆ ಧಾರಾಳ. ತಂತಿ ಮೂರೇ. ಪೆಟ್ಟಿಗೆಯನ್ನು ಗೆಳೆಯರೊಬ್ಬರು ಕೊಟ್ಟಿದ್ದರು. ಒಳಗೆ ಸ್ಪ್ಯಾನಿಷ್ ಸೀಡರ್ ಮರ. ಹೆಸರಲ್ಲಿ ಸೀಡರ್ ಇದ್ದರೂ ಅದು ಮಹಾಗನಿ ಕುಟುಂಬದ್ದು. ಹಗುರ, ಒಳ್ಳೆಯ ಘಮ, ತಟ್ಟಿದರೆ ಖಣ್ ಅನ್ನುವ ಮರ. ಕಾರ್ಖಾನೆಯ ಗಿಟಾರ್‌ಗಳ ನೆಕ್ ಮಾಡುವುದಕ್ಕೂ ಇದನ್ನು ಬಳಸುತ್ತಾರೆ. ಖಾಲಿ ಪೆಟ್ಟಿಗೆ ಕೈಗೆ ಬಂದ ದಿನ ಉಗುರಿನಲ್ಲಿ ಮುಚ್ಚಳ ತಟ್ಟಿದ್ದೆ. ಆ ಸದ್ದು ಕೇಳಿಯೇ ಇದನ್ನು ಗಿಟಾರ್ ಮಾಡಬೇಕು ಅನ್ನಿಸಿದ್ದು.

ಆ ಸದ್ದು ಈಗ ಎಲ್ಲಿ ಹೋಯಿತು?

ಮೊದಲು ತಂತಿಗಳ ಮೇಲೆ ಅನುಮಾನ ಬಂತು. ಮಾಮೂಲಿ ಅಕೌಸ್ಟಿಕ್ ಗಿಟಾರ್‌ನ ಸೆಟ್‌ನಿಂದ ಐದನೇ, ನಾಲ್ಕನೇ, ಮೂರನೇ ತಂತಿಗಳನ್ನು ತೆಗೆದು ಹಾಕಿದ್ದೆ. ಐದನೆಯದನ್ನು ಎ ಸ್ವರದಿಂದ ಜಿ ಸ್ವರಕ್ಕೆ ಇಳಿಸಿದರೆ ಜಿ-ಡಿ-ಜಿ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಸ-ಪ-ಸ. ಶ್ರುತಿ ಸರಿಯಾಗೇ ಇತ್ತು. ತಂತಿಗಳೂ ಹೊಸವು. ಆಮೇಲೆ ಬ್ರಿಡ್ಜ್ ನೋಡಿದೆ, ಮುಚ್ಚಳದ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ. ಅದೊಂದು ತಿರುಪಿನ ಗೀರುಗಳಿರುವ ದಪ್ಪ ಬೋಲ್ಟ್. ಎಷ್ಟೋ ಜನ ಅದನ್ನೇ ಇಡುತ್ತಾರೆ, ಚೆನ್ನಾಗೇ ನುಡಿಯುತ್ತದೆ. ಅದರ ಬದಲು ಒಂದು ಮರದ ತುಂಡು ಇಟ್ಟು ನೋಡಿದೆ. ಮತ್ತೆ ಅದೇ ಡಬ್.

ಬೇಜಾರಾಯಿತು, ನಿಜ. ಈ ವಾದ್ಯದ ಕಥೆ ಗೊತ್ತಿದ್ದದ್ದರಿಂದ ಇನ್ನೂ ಜಾಸ್ತಿ ಬೇಜಾರು. ಅಂಗಡಿಯ ವಾದ್ಯ ಕೊಳ್ಳಲಾಗದವರು ಕೈಗೆ ಸಿಕ್ಕಿದ್ದರಲ್ಲಿ ಮಾಡಿಕೊಂಡ ವಾದ್ಯ ಇದು. ಅಮೆರಿಕದ ಅಂತರ್ಯುದ್ಧದ ಚಿತ್ರಗಳನ್ನು ಬರೆದ ಎಡ್ವಿನ್ ಫೋರ್ಬ್ಸ್ ಅವರ 1876ರ ಒಂದು ಚಿತ್ರದಲ್ಲಿ, ಸೈನಿಕರ ಬಿಡಾರದಲ್ಲಿ ಒಬ್ಬ ಸಿಗಾರ್ ಪೆಟ್ಟಿಗೆಯ ಪಿಟೀಲು ನುಡಿಸುತ್ತಿದ್ದಾನೆ. ಬ್ಲೂಸ್ ಗಾಯಕ ಲೈಟ್ನಿನ್ ಹಾಪ್ಕಿನ್ಸ್ ಹುಡುಗನಾಗಿದ್ದಾಗ ಮೊದಲ ಗಿಟಾರನ್ನು ಸಿಗಾರ್ ಪೆಟ್ಟಿಗೆಯಿಂದಲೇ ಮಾಡಿಕೊಂಡಿದ್ದರು. ರಾಕ್ ಅಂಡ್ ರೋಲ್ ಹಾಡುಗಾರ ಕಾರ್ಲ್ ಪರ್ಕಿನ್ಸ್‌ಗೆ ಅಪ್ಪ ಮಾಡಿಕೊಟ್ಟದ್ದು ಸಿಗಾರ್ ಪೆಟ್ಟಿಗೆ ಮತ್ತು ಪೊರಕೆ ಕೋಲಿನ ಗಿಟಾರ್. ಪೊರಕೆ ಕೋಲು ಹಾಡುತ್ತದೆ, ನಾನು ಅಳೆದು, ಕೀಸಿ, ಉಜ್ಜಿ ಮಾಡಿದ ಮೇಪಲ್ ಪಟ್ಟಿ ಹಾಡುವುದಿಲ್ಲ ಅಂದರೆ ಎಲ್ಲೋ ನನ್ನ ಕೈ ತಪ್ಪಿದೆ ಅಂತಲೇ ಅರ್ಥ ಅಲ್ವಾ?

ತಂತಿ ಸಡಿಲ ಮಾಡಿ ಮತ್ತೆ ಉಗುರಿನಲ್ಲಿ ಮುಚ್ಚಳ ತಟ್ಟುತ್ತಾ ಹೋದೆ. ಅಂಚಿನ ಹತ್ತಿರ ಟಕ್ ಟಕ್. ಅದು ಸಹಜ, ಅಲ್ಲಿ ಕೆಳಗೆ ಗೋಡೆ ಇದೆ. ನಡುವಿಗೆ ಬರುತ್ತಾ ಸದ್ದು ತುಂಬಿಕೊಳ್ಳಬೇಕಿತ್ತು. ತುಂಬಲಿಲ್ಲ. ನಟ್ಟನಡುವೆ, ಬ್ರಿಡ್ಜ್ ಕೂರುವ ಜಾಗದಲ್ಲೇ, ಮೇಜು ತಟ್ಟಿದ ಹಾಗೆ ಗಟ್ಟಿ ಸದ್ದು. ಆಗ ಹೊಳೆಯಿತು.

ನೆಕ್ ಪೆಟ್ಟಿಗೆಯ ಈ ತುದಿಯಿಂದ ಆ ತುದಿಗೆ ಒಳಗಿನಿಂದಲೇ ಹಾದು ಹೋಗುತ್ತದೆ. ತಂತಿಗಳ ಎಳೆತವನ್ನು ತಡೆದುಕೊಳ್ಳುವುದು ಅದೇ. ತೆಳು ಪೆಟ್ಟಿಗೆಗೆ ಆ ಶಕ್ತಿ ಇಲ್ಲ. ನಾನು ಮಾಡಿದ ತಪ್ಪು ಅಂದರೆ ಆ ಪಟ್ಟಿಗೆ ಉದ್ದಕ್ಕೂ ಅಂಟು ಬಳಿದು ಮುಚ್ಚಳಕ್ಕೆ ಮೆತ್ತಿಬಿಟ್ಟದ್ದು. ಗಟ್ಟಿಯಾಗಿರಲಿ ಅಂತ. ಮುಚ್ಚಳ ಅಂದರೆ ಬರೀ ಮುಚ್ಚಳ ಅಲ್ಲ, ಅದು ಈ ಗಿಟಾರ್‌ನ ಚರ್ಮ. ತಂತಿ ಅದುರಿದರೆ ಬ್ರಿಡ್ಜ್ ಅದುರಬೇಕು, ಬ್ರಿಡ್ಜ್ ಅದುರಿದರೆ ಮುಚ್ಚಳ ಅದುರಬೇಕು, ಆಗಲೇ ಗಾಳಿ ಅಲುಗುವುದು. ನಾನು ಮದ್ದಳೆಯ ಚರ್ಮದ ಕೆಳಗೆ ಹಲಗೆ ಅಂಟಿಸಿದ ಹಾಗೆ ಮಾಡಿದ್ದೆ.

ಈಗ ಬಿಚ್ಚಬೇಕು. ಬಿಳಿ ಮರದ ಅಂಟಿಗೆ ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಕೂದಲು ಒಣಗಿಸುವ ಡ್ರೈಯರನ್ನು ಮಗಳ ಕೈಗೆ ಕೊಟ್ಟು, ಮುಚ್ಚಳದ ಸಂದಿಗೆ ಹಿಡಿಯಲು ಹೇಳಿದೆ. ನಾನು ತೆಳ್ಳಗಿನ ಚಾಕುವಿನ ತುದಿಯನ್ನು ಒಂದು ಮೂಲೆಯಲ್ಲಿ ತೂರಿಸಿದೆ. ಅವಸರ ಮಾಡುವ ಹಾಗಿಲ್ಲ. ಒಂದು ನಿಮಿಷ ಬಿಸಿ, ಒಂದು ಕೂದಲೆಳೆಯಷ್ಟು ಚಾಕು. ಮತ್ತೆ ಬಿಸಿ, ಮತ್ತೆ ಚಾಕು. ಅಂಟು ಬಿಡುವಾಗ ಚಿಟಿ ಚಿಟಿ ಅಂತ ಸಣ್ಣ ಸದ್ದು ಬರುತ್ತದೆ. ಆ ಸದ್ದಿಗಾಗಿ ಕಾಯುತ್ತಾ ಕೂತೆವು. ಮೂರು ಬದಿ ಚೆನ್ನಾಗಿ ಬಿಟ್ಟವು. ನಾಲ್ಕನೆಯದರಲ್ಲಿ ನನ್ನ ಕೈ ಸ್ವಲ್ಪ ಜೋರಾಯಿತು, ಮೂಲೆಯಲ್ಲಿ ಎರಡು ಇಂಚು ಸೀಳು ಬಿಟ್ಟಿತು. "ಅಯ್ಯೋ" ಅಂದಳು ಮಗಳು. ನನ್ನ ಎದೆಯೂ ಧಸಕ್ ಅಂತು. ಒಳಗಿನಿಂದ ತೆಳು ಮರದ ಚಕ್ಕೆ ಅಂಟಿಸಿದರೆ ಆಗುತ್ತದೆ ಪುಟ್ಟಿ ಅಂತ ಅವಳಿಗೆ ಹೇಳುತ್ತಾ ನನಗೂ ಹೇಳಿಕೊಂಡೆ.

ನಡುವಿನ ಪಟ್ಟಿ ಬಿಡಿಸಲು ಮುಕ್ಕಾಲು ಗಂಟೆ ಬೇಕಾಯಿತು. ಮುಚ್ಚಳ ಎದ್ದ ಕೂಡಲೇ ಬಿಸಿ ಸೀಡರ್‌ನ ಘಮ ಕೋಣೆ ತುಂಬಿತು. ಇಬ್ಬರೂ ಸುಮ್ನೆ ಮೂಸುತ್ತಾ ಕೂತೆವು.

ಆಮೇಲಿನದು ಉಳಿಯ ಕೆಲಸ. ಪೆಟ್ಟಿಗೆಯೊಳಗೆ ಬರುವಷ್ಟು ಉದ್ದ ಪೆನ್ಸಿಲ್ ಗೆರೆ ಹಾಕಿಕೊಂಡು, ಆ ಭಾಗದಲ್ಲಿ ಮಾತ್ರ ನೆಕ್‌ನ ಮೇಲ್ಮೈಯನ್ನು ಮೂರು ಮಿಲಿಮೀಟರ್ ಕೆತ್ತಿ ಇಳಿಸಿದೆ. ಮೊದಲು ಗರಗಸದಿಂದ ಅಡ್ಡಡ್ಡ ಗೀರು, ಆಮೇಲೆ ಗೀರುಗಳ ನಡುವಿನ ಮರವನ್ನು ಉಳಿಯಿಂದ ಚಕ್ಕೆ ಚಕ್ಕೆಯಾಗಿ ಎಬ್ಬಿಸುವುದು. ಈಗ ನೆಕ್ ತಾಗುವುದು ಪೆಟ್ಟಿಗೆಯ ಎರಡು ತುದಿಯ ಗೋಡೆಗಳಿಗೆ ಮಾತ್ರ. ಮುಚ್ಚಳಕ್ಕೂ ಅದಕ್ಕೂ ನಡುವೆ ಬರೀ ಗಾಳಿ. ಸೀಳಿಗೆ ಒಳಗಿನಿಂದ ಚಕ್ಕೆ ಅಂಟಿಸಿ, ಅಂಚಿಗಷ್ಟೇ ಅಂಟು ಹಚ್ಚಿ, ಕ್ಲಾಂಪ್ ಹಾಕಿ ರಾತ್ರಿಯಿಡೀ ಬಿಟ್ಟೆ. ನಿದ್ದೆ ಸರಿಯಾಗಿ ಬರಲಿಲ್ಲ.

ಬೆಳಿಗ್ಗೆ ಮಗಳು ನನಗಿಂತ ಮೊದಲೇ ಎದ್ದು ಕ್ಲಾಂಪ್‌ಗಳ ಮುಂದೆ ಕೂತಿದ್ದಳು. ಬಿಚ್ಚಿ, ತಂತಿ ಏರಿಸಿ, ಬಿರಡೆ ತಿರುಗಿಸಿ ಶ್ರುತಿ ಸೇರಿಸಿದೆ. "ನೀನೇ ಮೀಟು" ಅಂದೆ.

ಮೀಟಿದಳು. ಘಂಯ್ ಅಂತು. ಅವಳು ಬೆರಳು ತೆಗೆದ ಮೇಲೂ ನಿಲ್ಲಲಿಲ್ಲ. ನನ್ನ ತೊಡೆಯ ಮೇಲಿದ್ದ ಪೆಟ್ಟಿಗೆಯ ಬೆನ್ನು ನಡುಗುತ್ತಿದ್ದದ್ದು ಮೂಳೆಗೆ ತಿಳಿಯುತ್ತಿತ್ತು. ಅದೇ ಮರ, ಅದೇ ತಂತಿ, ಅದೇ ಬೋಲ್ಟ್. ತೆಗೆದದ್ದು ಮುಷ್ಟಿಯಷ್ಟು ಮರದ ಚೂರು.

ಇನ್ನೊಂದು ಸಣ್ಣ ಕೆಲಸ ಬಾಕಿ ಇತ್ತು. ನೆಕ್‌ನ ತಲೆಯ ಕಡೆ ತಂತಿಗಳು ಕೂರುವ ಸಣ್ಣ ಕಟ್ಟೆಗೆ ನಟ್ ಅನ್ನುತ್ತಾರೆ. ಆ ನಟ್‌ನಿಂದ ಬ್ರಿಡ್ಜ್‌ಗೆ 24 ಇಂಚು ಇಟ್ಟುಕೊಂಡಿದ್ದೆ. ಈ ಅಳತೆ ನನಗೆ ಇಷ್ಟ. ಫ್ರೆಟ್ ಅಂದರೆ ವೀಣೆಯ ಮೆಟ್ಟಿಲಿನಂಥದ್ದು. 12ನೇ ಫ್ರೆಟ್ ಸರಿಯಾಗಿ ಅರ್ಧದಲ್ಲಿ, 12 ಇಂಚಿಗೆ ಬರುತ್ತದೆ. ಏಳನೆಯದು ಹೆಚ್ಚುಕಡಿಮೆ 8 ಇಂಚಿಗೆ, ಐದನೆಯದು 6 ಇಂಚಿಗೆ. ಅರ್ಧ, ಮೂರನೇ ಒಂದು, ಕಾಲು! ಉಳಿದ ಫ್ರೆಟ್‌ಗಳಿಗೆ, ಉಳಿದ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸುತ್ತಾ ಹೋಗಬೇಕು. ಮೊದಲನೆಯದು ಸುಮಾರು 1.35 ಇಂಚಿಗೆ ಬರುತ್ತದೆ. ಫ್ರೆಟ್ ಸರಿ ಕೂತರೂ ಬ್ರಿಡ್ಜನ್ನು ಕಿವಿಯಿಂದಲೇ ಕೂರಿಸಬೇಕು. 12ನೇ ಫ್ರೆಟ್‌ನ ಮೇಲೆ ತಂತಿಯನ್ನು ಬರೀ ಸವರಿ ಮೀಟಿದಾಗ ಬರುವ ಸ್ವರ, ಒತ್ತಿ ಮೀಟಿದಾಗ ಬರುವ ಸ್ವರ ಎರಡೂ ಒಂದೇ ಆಗಬೇಕು. ಒತ್ತಿದ್ದು ಸ್ವಲ್ಪ ಏರಿದ್ದರೆ ಬ್ರಿಡ್ಜನ್ನು ಬಾಲದ ಕಡೆ ಸರಿಸುವುದು. ನನ್ನದನ್ನು ಎರಡು ಮಿಲಿಮೀಟರ್ ಸರಿಸಿದೆ.

ಆಮೇಲೆ ನುಡಿಸಿದೆ. ಒಂದು ಬೆರಳನ್ನು ಅಡ್ಡ ಮಲಗಿಸಿದರೆ ಸಾಕು, ಹಾಡು ಹುಟ್ಟುತ್ತದೆ. ಖಾಲಿ ತಂತಿ, ಐದನೇ ಫ್ರೆಟ್, ಏಳನೇ ಫ್ರೆಟ್. ಜಿ, ಸಿ, ಡಿ. ಬ್ಲೂಸ್‌ಗೆ ಈ ಮೂರೇ ಮನೆ. ಮೂರು ತಂತಿಯಲ್ಲಿ ಗಾಂಧಾರ ಇಲ್ಲದ್ದರಿಂದ ಸಂತೋಷವೋ ದುಃಖವೋ ಅಂತ ವಾದ್ಯ ಮೊದಲೇ ಹೇಳಿಬಿಡುವುದಿಲ್ಲ. ಅದನ್ನು ನಾವೇ ತರಬೇಕು. ಸಣ್ಣ ತಂತಿಯ ಮೂರನೇ ಫ್ರೆಟ್‌ನಲ್ಲಿ ಸಾಧಾರಣ ಗಾಂಧಾರ, ನಾಲ್ಕನೆಯದರಲ್ಲಿ ಅಂತರ ಗಾಂಧಾರ. ಬೆರಳಿಗೆ ಗಾಜಿನ ಕೊಳವೆ ತೊಟ್ಟು ಆ ಎರಡರ ನಡುವೆ ನಿಧಾನಕ್ಕೆ ಜಾರಿಸಿದರೆ ಬರುವ ದನಿ ಇದೆಯಲ್ಲ, ಯಾರೋ ಹೇಳಲು ಬಂದು ತಡೆದುಕೊಂಡ ಹಾಗೆ, ಅದಕ್ಕೆ ಫ್ರೆಟ್ ಇಲ್ಲ, ಬ್ಲೂ ನೋಟ್ ಅನ್ನುವ ಹೆಸರು ಮಾತ್ರ ಇದೆ. ಬೆಳಗಿನ ಅರ್ಧ ಗಂಟೆ ಅದೊಂದನ್ನೇ ಮತ್ತೆ ಮತ್ತೆ ನುಡಿಸಿದೆ. ಮಗಳು ಪೆಟ್ಟಿಗೆಯ ಬದಿಗೆ ಕಿವಿ ಇಟ್ಟು ಕೇಳುತ್ತಿದ್ದಳು. "ಶೀತ ಹೋಯ್ತು ಅಪ್ಪಾ" ಅಂದಳು.

ಏಳನೇ ಫ್ರೆಟ್ ಒತ್ತಿದಾಗ ಮಾತ್ರ ನಡುವಿನ ತಂತಿ ಸ್ವಲ್ಪ ಗುರ್ ಅನ್ನುತ್ತದೆ. ಎಂಟನೆಯದು ಎತ್ತರ ಕೂತಿರಬೇಕು. ಸಂಜೆ ಬಂದು ಅರ ಹಿಡಿದು ನೋಡಬೇಕು.