ಮಾಕುಟ್ಟದ ತಿರುವಿಗೆ ಎರಡನೇ ಗೇರು: 38 ಹೋಗಿ 40 ಬಂತು

ಕೊನೆಗೂ ಗಾಡಿ ಕೊಡಗಿನ ಘಾಟಿಯಲ್ಲಿ, ಮಾಕುಟ್ಟದಿಂದ ಪೆರುಂಬಾಡಿವರೆಗೆ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ತಿರುವುಗಳನ್ನೆಲ್ಲ ಎರಡನೇ ಗೇರಿನಲ್ಲೇ ಹತ್ತಿತು. ಕುಟ್ಟಲಿಲ್ಲ, ಕ್ಲಚ್ ಹಿಡಿದು ಕೂಗಿಸುವ ಕೆಲಸವೂ ಬೀಳಲಿಲ್ಲ. ಚೈನು ಸುತ್ತುವ ಹಲ್ಲುಗಾಲಿ, ಅಂದರೆ ಸ್ಪ್ರಾಕೆಟ್, ಮುಂದೆ 17 ಹಲ್ಲಿನದು, ಹಿಂದೆ 38ರ ಬದಲು 40ರದು. ಇಷ್ಟು ಸಣ್ಣ ಉತ್ತರಕ್ಕೆ ನಾಲ್ಕು ಸ್ಪ್ರಾಕೆಟ್ ಖರ್ಚು.

ಗಾಡಿ ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ 350, ಐದು ಗೇರಿನದು. ಹಿಂದಕ್ಕೆ 15 ಇಂಚಿನ ರಿಮ್, ಅವೆಂಜರ್ ಅಳತೆಯ 130/90-15 ಟೈರ್, ತಗ್ಗಿಸಿದ ಶಾಕ್, ಗಿಡ್ಡ ಸೈಲೆನ್ಸರ್. ಅದೆಲ್ಲ ಹಳೇ ಕಥೆ, ಈ ಸಲ ಗೇರಿಂಗ್ ಮಾತ್ರ, ಅಂದರೆ ಚಕ್ರ ಒಂದು ಸುತ್ತು ಹಾಕಲು ಎಂಜಿನ್ ಎಷ್ಟು ಸುತ್ತಬೇಕೆಂಬ ಲೆಕ್ಕ.

ಮೊದಲ ತಪ್ಪು ಕಾಗದದ ಮೇಲೆಯೇ ಆದದ್ದು. ಹಳೆಯ 120/80-18 ಟೈರಿನ ವ್ಯಾಸ ಲೆಕ್ಕದಲ್ಲಿ 649 ಮಿ.ಮೀ., ಹೊಸದರದು 615. ಅಂದರೆ ಮುಂದಿನ ಸ್ಪ್ರಾಕೆಟ್‌ನಲ್ಲಿ ಹತ್ತಿರ ಹತ್ತಿರ ಒಂದು ಹಲ್ಲು ಕಿತ್ತಷ್ಟು ಗೇರಿಂಗ್ ತಗ್ಗಿತು. ಸರಿ, 17 ತೆಗೆದು 18 ಹಾಕಿದರೆ ಕಂಪನಿ ಲೆಕ್ಕಕ್ಕೆ ವಾಪಸ್. ಕುಶಾಲನಗರದಿಂದ ಪಿರಿಯಾಪಟ್ಟಣದ ಕಡೆ ಬೆಣ್ಣೆಯಂತೆ ಓಡಿತು. ಘಾಟಿಗೆ ಬಂದದ್ದೇ ಮುಗ್ಗರಿಸಿತು.

ಟೈರಿನ ಲೆಕ್ಕವೂ ತಪ್ಪಿತ್ತು, ಆದರೆ ಆ ತಪ್ಪು ಘಾಟಿಯಲ್ಲಿ ಗಾಡಿಗೆ ಅನುಕೂಲವೇ. ಟೈರಿನ ಬದಿಯಲ್ಲಿ ಬರೆದ ಅಳತೆ ಭಾರ ಬಿದ್ದ ಟೈರಿನದಲ್ಲ. ಸೀಮೆಸುಣ್ಣದ ಗುರುತು ಹಾಕಿ, ಇಬ್ಬರು ಕೂತು, ಸಪಾಟು ನೆಲದಲ್ಲಿ ಒಂದು ಸುತ್ತು ತಳ್ಳಿಸಿ ಟೇಪ್ ಹಿಡಿದರೆ ಸಿಕ್ಕಿದ್ದು 1,885 ಮಿ.ಮೀ.; ಲೆಕ್ಕದ ಪ್ರಕಾರ 1,932 ಇರಬೇಕಿತ್ತು. ಮುಗ್ಗರಿಸಿದ ಕಾರಣ ಬೇರೆ: ಗಿಡ್ಡ ಸೈಲೆನ್ಸರ್ ಕೆಳಗಿನ ಆರ್‌ಪಿಎಂನ ಎಳೆತವನ್ನು ತಿಂದುಹಾಕಿದೆ. ಸಾಲದ್ದಕ್ಕೆ ಮಡಿಕೇರಿ 1,100 ಮೀಟರಿಗೂ ಮೇಲಿದೆ. ಆ ಎತ್ತರದಲ್ಲಿ ಗಾಳಿ ತೆಳುವಾಗಿ ಶಕ್ತಿ ಸುಮಾರು ಹತ್ತರಲ್ಲೊಂದು ಪಾಲು ಇಳಿಯುತ್ತದೆ. ಕಂಪನಿ ಗೇರಿಂಗಿಗೆ ಹಿಂದಿರುಗಿದರೂ ಎಂಜಿನ್ ಕಂಪನಿಯದಾಗಿ ಉಳಿದಿರಲಿಲ್ಲ.

ಗೇರ್‌ಬಾಕ್ಸ್ ನೋಡಿ: 3.06, 2.01, 1.52, 1.21, 1.00, ಎಂಜಿನ್ನಿನಿಂದ ಗೇರ್‌ಬಾಕ್ಸಿಗೆ ಬರುವ ಪ್ರೈಮರಿ 56/26. ಒಂದರಿಂದ ಎರಡಕ್ಕೆ ಹಾಕಿದರೆ ಆರ್‌ಪಿಎಂ ಮೂರರಲ್ಲೊಂದು ಪಾಲು ಬೀಳುತ್ತದೆ, ನಾಲ್ಕರಿಂದ ಐದಕ್ಕೆ ಆರರಲ್ಲೊಂದು ಪಾಲಿಗಿಂತ ತುಸು ಹೆಚ್ಚಷ್ಟೆ. ಆ ಮೊದಲ ಕಂದಕವನ್ನು ಯಾವ ಸ್ಪ್ರಾಕೆಟ್ಟೂ ಮುಚ್ಚುವುದಿಲ್ಲ. ಐದೂ ಗೇರುಗಳನ್ನು ಒಟ್ಟಿಗೆ ಆಚೆ ಈಚೆ ಸರಿಸಬಹುದು, ಅಷ್ಟೆ. ಆದ್ದರಿಂದ ಘಾಟಿಯ ಗಾಡಿಗೆ ಸ್ಪ್ರಾಕೆಟ್ ಆರಿಸಬೇಕಾದದ್ದು ಐದನೇ ಗೇರಿಗಲ್ಲ, ಎರಡನೆಯದಕ್ಕೆ. ಹೇರ್‌ಪಿನ್ನಿನಲ್ಲಿ ಎರಡನೇ ಗೇರು, ವೇಗ 20 ಕಿ.ಮೀ. ಇದ್ದಾಗ 18/38ಕ್ಕೆ (ಮುಂದಿನ ಹಲ್ಲು/ಹಿಂದಿನ ಹಲ್ಲು) 1,616 ಆರ್‌ಪಿಎಂ, 17/38ಕ್ಕೆ 1,711, 16/38ಕ್ಕೆ 1,818. ಈ ಎಂಜಿನ್ 1,800ರ ಕೆಳಗೆ ಕುಟ್ಟುತ್ತದೆ. ಹಾಗಾದರೆ 16 ತಾನೇ?

ಹಾಕಿದೆವು, ಕೆಟ್ಟೆವು. ಚೈನಿನ ಒಂದು ಲಿಂಕಿನಿಂದ ಇನ್ನೊಂದಕ್ಕೆ ಇರುವ ದೂರ, ಅಂದರೆ ಪಿಚ್, 5/8 ಇಂಚು; ಅದರಲ್ಲಿ ಒಂದು ಹಲ್ಲು ಕಡಿಮೆಯಾದರೆ ಸ್ಪ್ರಾಕೆಟ್ಟಿನ ತ್ರಿಜ್ಯ 2.5 ಮಿ.ಮೀ. ಕುಗ್ಗುತ್ತದೆ. ತಗ್ಗಿಸಿದ ಶಾಕ್ ಜೊತೆ ಸೇರಿ ಚೈನು ಹಿಂಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲೆ ಗರಗಸ ಎಳೆಯತೊಡಗಿತು. ಸಣ್ಣ ಸ್ಪ್ರಾಕೆಟ್ ಮೇಲೆ ಚೈನು ಬಾಗುವುದೂ ಹೆಚ್ಚು, ಎಳೆತದ ಬಿಗಿಯೂ ಹೆಚ್ಚು. ಮಳೆಗಾಲದ ಕೆಸರಿನಲ್ಲಿ ಅದು ಎಷ್ಟು ದಿನ ಬಾಳೀತು?

ಉಳಿದ ದಾರಿ ಹಿಂದೆ ದೊಡ್ಡದು ಮಾಡುವುದು. 17/40 ಅಂದರೆ, ಹಿಂದಿನದನ್ನು ಮುಂದಿನದರಿಂದ ಭಾಗಿಸಿದರೆ, 2.353, 16/38ರ 2.375ಕ್ಕೆ ಕೂದಲೆಳೆಯಷ್ಟೇ ದೂರ. ಇಪ್ಪತ್ತಕ್ಕೆ 1,801 ಆರ್‌ಪಿಎಂ. 18/38ಕ್ಕೆ ಹೋಲಿಸಿದರೆ ಚಕ್ರದಲ್ಲಿ ಶೇ. 11 ಹೆಚ್ಚು ಎಳೆತ. ಐದನೇ ಗೇರಿನಲ್ಲಿ 80ಕ್ಕೆ 3,585; ಮೈಸೂರಿಗೆ ಹೋಗುವಾಗ ಸ್ವಲ್ಪ ಗದ್ದಲ, ಸಹಿಸಬಹುದು.

ಈಗ 40 ಹಲ್ಲಿನ ಪುರಾಣ. ಬೆಂಗಳೂರಿನ ಅಂಗಡಿಯೊಂದರಿಂದ ತರಿಸಿದ ಮೊದಲನೆಯದರ ಹಲ್ಲು ಎಣಿಸಿದರೆ ನಲವತ್ತೇ, ಆದರೆ ದಪ್ಪ 5.8 ಮಿ.ಮೀ. ಅದು 520 ಚೈನಿನದು. ಈ ಗಾಡಿಯಲ್ಲಿರುವುದು 530, ಅದೇ ಪಿಚ್, ಅಗಲ ಹೆಚ್ಚು. ಕೂರುತ್ತದೆ, ಓಡುತ್ತದೆ, ಮಧ್ಯೆ ಅಲ್ಲಾಡುತ್ತ ಚೈನಿನ ಒಳಪಟ್ಟಿ ತಿನ್ನುತ್ತದೆ. ವಾಪಸ್ ಕಳಿಸಿದ ಮೇಲೆ ಬಂದದ್ದರ ದಪ್ಪ ಸರಿ, ಬೋಲ್ಟ್ ತೂತುಗಳು ಒಂದೂವರೆ ಮಿ.ಮೀ. ಆಚೆ. ‘ಸ್ವಲ್ಪ ಫೈಲ್ ಹೊಡ್ಕೊಳ್ಳಿ ಸಾರ್’ ಅಂತ ಉಪದೇಶ ಬೇರೆ. ನಡುತೂತು ಹಬ್ಬಿಗೆ ಬಿಗಿಯಾಗಿ ಕೂರುವುದಾದರೆ ಆ ಮಾತಿಗೆ ಅರ್ಥವುಂಟು. ಇದರ ನಡುತೂತೂ ಸಡಿಲ. ಹಾಗೆ ಹಾಕಿದರೆ ಸ್ಪ್ರಾಕೆಟ್ ನಡುತಪ್ಪಿ ತಿರುಗಿ, ಚೈನು ಒಂದು ಕಡೆ ತಂತಿ, ಇನ್ನೊಂದು ಕಡೆ ತೊಟ್ಟಿಲು.

ಕೊನೆಗೆ ಕುಶಾಲನಗರದ ಲೇತಿನಲ್ಲೇ ಮಾಡಿಸಿದ್ದು. ಇಎನ್8 ಎಂಬ ಉಕ್ಕಿನ ತಟ್ಟೆ, ಹಲ್ಲಿನ ದಪ್ಪ 8.7 ಮಿ.ಮೀ., ಪಿಚ್ ವ್ಯಾಸ (ಚೈನಿನ ಪಿನ್ನುಗಳ ನಡು ಸುತ್ತುವ ವೃತ್ತದ್ದು) 202.3, ಹಲ್ಲಿನ ಬುಡದ ವ್ಯಾಸ 192.2 (530 ರೋಲರ್ 10.16 ಕಳೆದು). ನಡುತೂತು ಮತ್ತು ಬೋಲ್ಟ್ ತೂತಿಗೆ ಹಳೇ 38 ಅನ್ನೇ ಮಾದರಿಯಾಗಿ ಕೊಡಿ, ಬಾಯಲ್ಲಿ ಹೇಳಬೇಡಿ. ಹಲ್ಲುಗಳಿಗೆ ಇಂಡಕ್ಷನ್ ಹಾರ್ಡನಿಂಗ್ (ವಿದ್ಯುತ್ತಿನಿಂದ ಕಾಯಿಸಿ ಗಟ್ಟಿಮಾಡುವುದು) ಮೈಸೂರಿನಲ್ಲಿ. ಅದಾಗದೆ ಹಾಕಿದರೆ ಒಂದೇ ಮಳೆಗಾಲಕ್ಕೆ ಹಲ್ಲು ಕೊಕ್ಕೆಯಾಗುತ್ತದೆ.

ಎರಡು ಹಲ್ಲು ಹೆಚ್ಚಾದರೆ ಚೈನಿಗೆ ಒಂದು ಲಿಂಕಿನಷ್ಟು ಉದ್ದ ಬೇಕು. ಚೈನು ಅದೇ ಇಟ್ಟರೆ ಹಿಂಚಕ್ರದ ಆಕ್ಸಲ್ ಸುಮಾರು 8 ಮಿ.ಮೀ. ಮುಂದಕ್ಕೆ ಬರುತ್ತದೆ. 15 ಇಂಚಿನ ಚಕ್ರದ ತ್ರಿಜ್ಯವೇ 17 ಮಿ.ಮೀ. ಕಡಿಮೆಯಾದ್ದರಿಂದ ಟೈರು ಎಲ್ಲೂ ತಾಗಲಿಲ್ಲ. ಚೈನ್‌ಗಾರ್ಡ್ ತಾಗಿತು, 6 ಮಿ.ಮೀ. ವಾಷರ್ ಕೊಟ್ಟು ಎತ್ತಿದ್ದಾಯಿತು. ಹೊಸ ಚೈನು ಕೊಳ್ಳುವವರಿಗೆ ಒಂದು ಮಾತು: 102 ಅಂದರೆ 17ರ ಆರು ಪಟ್ಟು. ಅಷ್ಟು ಲಿಂಕ್ ಇದ್ದರೆ ಅದೇ ಲಿಂಕ್ ಅದೇ ಹಲ್ಲಿಗೇ ಮತ್ತೆ ಮತ್ತೆ ಬಂದು ಕೂರುತ್ತದೆ, ಒಂದು ಕೆಟ್ಟ ಲಿಂಕ್ ಇದ್ದರೆ ಒಂದೇ ಹಲ್ಲು ಸವೆಯುತ್ತದೆ. ಆಕ್ಸಲ್ ಜಾಗ ಕೊಟ್ಟರೆ 104 ಮೇಲು.

ಚೈನಿನ ಸಡಿಲ ನೋಡುವಾಗ ಪುಸ್ತಕದ ಅಳತೆ ಮರೆಯಿರಿ, ತಗ್ಗಿದ ಶಾಕಿಗೆ ಅದು ಹೊಂದುವುದಿಲ್ಲ. ಶಾಕ್ ಬಿಚ್ಚಿ, ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ತಿರುಗುವ ಪಿವಟ್, ಆಕ್ಸಲ್ ಮೂರೂ ಒಂದೇ ಗೆರೆಗೆ ಬರುವಂತೆ ಚಕ್ರ ಎತ್ತಿ. ಅಲ್ಲಿ 10ರಿಂದ 12 ಮಿ.ಮೀ. ಆಡಿದರೆ ಸಾಕು. ಆಮೇಲೆ ಶಾಕ್ ಹಾಕಿ ಸಿಗುವ ಸಡಿಲವನ್ನು ಬರೆದಿಟ್ಟುಕೊಳ್ಳಿ, ಅದೇ ಇನ್ನು ಮುಂದಿನ ಅಳತೆ.

ಮುಂದಿನ ಕೆಲಸ ಆಗಲೇ ತಲೆಯಲ್ಲಿ ಕೂತಿದೆ. ಸಂಪಾಜೆ ಇಳಿಯುವಷ್ಟರಲ್ಲಿ ಮಳೆ ಚೈನಿನ ಎಣ್ಣೆಯನ್ನೆಲ್ಲ ತೊಳೆದುಬಿಡುತ್ತದೆ. ಬೆಲ್ಟ್ ಹಾಕೋಣವೆಂದರೆ ಮಾಂದಲಪಟ್ಟಿ ರಸ್ತೆಯ ಒಂದೇ ಜಲ್ಲಿ ಸಾಕು ಅದನ್ನು ಮುಗಿಸಲು. ಹಾಗಾಗಿ ಗ್ಲೂಕೋಸ್ ಡ್ರಿಪ್ಪಿನ ನಳಿಗೆ, ಅದರದೇ ತಿರುಗಿಸುವ ಬಿರಡೆ, ಸೀಟಿನ ಕೆಳಗೆ 100 ಮಿ.ಲೀ. ಡಬ್ಬಿ, ಒಳಗೆ 90ರ ಗೇರ್ ಆಯಿಲ್. ನಿಮಿಷಕ್ಕೆ ಒಂದು ಹನಿ ಹಿಂದಿನ ಸ್ಪ್ರಾಕೆಟ್ಟಿನ ಒಳಮೈಗೆ ಬೀಳಬೇಕು. ನಳಿಗೆ ತಂದಾಗಿದೆ. ಚಳಿಗೆ ಎಣ್ಣೆ ಗಟ್ಟಿಯಾಗಿ ಬೆಳಗಿನ ಹೊತ್ತು ಹನಿ ನಿಲ್ಲುತ್ತಿದೆ, ಅದನ್ನಿನ್ನೂ ಸರಿಮಾಡಬೇಕು.